ರಾತ್ರಿಯ ಪಗಾರ, ಹಗಲಿನ ಕ್ಲಾಸು

ಯುಗಾದಿ ಹತ್ತಿರ ಬಂತೆಂದರೆ ಮುಧೋಳ, ಜಮಖಂಡಿ, ತೇರದಾಳ, ರಾಯಬಾಗದ ಕಡೆಯ ಹಳ್ಳಿಗಳ ಅಗಸಿಯಲ್ಲಿ ನಾಟಕದ ಫ್ಲೆಕ್ಸ್ ಏಳುತ್ತವೆ. ಕೆಳಗೆ ಊರ ಹುಡುಗರ ಹತ್ತು ಹದಿನೈದು ಸಣ್ಣ ಮುಖಗಳು, ಮೇಲೆ ಗ್ರಾಮದೇವರು ಮತ್ತು ಮಠದ ಅಜ್ಜಾರು, ನಡುವೆ ನಾಟಕದ ಹೆಸರು. ಇವೆಲ್ಲಕ್ಕಿಂತ ದೊಡ್ಡದಾಗಿ ಎರಡೋ ಮೂರೋ ಹೆಂಗಸರ ಭಾವಚಿತ್ರ. ಅವರ ಹೆಸರಿಗೆ ಅಂಟಿಕೊಂಡೇ ಊರಿನ ಹೆಸರೂ ಇರುತ್ತದೆ: ಇಳಕಲ್ಲು, ಬಾಗಲಕೋಟೆ, ಗದಗ, ಹುಬ್ಬಳ್ಳಿ. ಹುಡುಗರನ್ನು ನೋಡಲು ಅವರ ಮನೆಯವರು ಬಂದಾರು. ಸುತ್ತಲಿನ ಐದಾರು ಹಳ್ಳಿಯ ಜನ ಟ್ರ್ಯಾಕ್ಟರ್ ಕಟ್ಟಿಕೊಂಡು ಬರುವುದು ಈ ಚಿತ್ರಗಳನ್ನು ನಂಬಿ.

ಅದೇ ಜಿಲ್ಲೆಗಳ ಪಟ್ಟಣಗಳಲ್ಲಿ, ಬೆಳಗಾವಿಯ ಟಿಳಕವಾಡಿಯಲ್ಲಿ, ಬಾಗಲಕೋಟೆಯ ನವನಗರದ ಸೆಕ್ಟರುಗಳಲ್ಲಿ, ವಿಜಯಪುರದ ಹೊಸ ಬಡಾವಣೆಗಳಲ್ಲಿ, ಇನ್ನೊಂದು ಬಗೆಯ ಬೋರ್ಡು ಕಾಣುತ್ತದೆ. ಭರತನಾಟ್ಯ, ಕಥಕ್, ಕೆಳಗೆ ಸಣ್ಣಕ್ಷರದಲ್ಲಿ ‘ಪರೀಕ್ಷೆಗೆ ಸಿದ್ಧಪಡಿಸಲಾಗುವುದು’. ಇಲ್ಲಿಯೂ ಕಲೆಯಿಂದ ದುಡಿಯುತ್ತಿರುವವಳು ಹೆಣ್ಣೇ. ಆದರೆ ಈ ಇಬ್ಬರೂ ಒಬ್ಬರನ್ನೊಬ್ಬರು ಕಲಾವಿದೆ ಎಂದು ಒಪ್ಪುವುದು ಅಪರೂಪ. ಒಬ್ಬಳಿಗೆ ದುಡ್ಡು ಕೇಳಿ ಎಣಿಸಿಕೊಳ್ಳಲು ಬರುತ್ತದೆ, ಕೈಯಲ್ಲಿ ಒಂದು ಕಾಗದವಿಲ್ಲ. ಇನ್ನೊಬ್ಬಳ ಗೋಡೆಯ ತುಂಬ ಸರ್ಟಿಫಿಕೇಟು, ಪಗಾರ ಕೇಳಲು ಬಾಯಿ ಬರುವುದಿಲ್ಲ. ಈ ಭಾಗದಲ್ಲಿ ಹೆಣ್ಣೊಬ್ಬಳು ಕಲೆಯನ್ನೇ ಕಸುಬಾಗಿ ಇಟ್ಟುಕೊಳ್ಳುವ ಮಾತು ಬಂದಾಗ ಪ್ರತಿಭೆ, ತ್ಯಾಗ, ಸಂಸ್ಕೃತಿ ಎಂದು ಭಾಷಣ ಮಾಡುವವರು ಈ ಎರಡು ಸಂಗತಿಗಳನ್ನು ಮುಟ್ಟುವುದೇ ಇಲ್ಲ.

ಮೊದಲು ರಾತ್ರಿಯ ಕಸುಬು. ಹಳ್ಳಿ ನಾಟಕಕ್ಕೆ ಮಾಸ್ತರ ಬಂದು ಹುಡುಗರಿಗೆ ಒಂದೆರಡು ತಿಂಗಳು ತಾಲೀಮು ಕೊಡುತ್ತಾನೆ. ಹೆಣ್ಣು ಪಾರ್ಟಿನ ಮಾತನ್ನು ಅಷ್ಟೂ ದಿನ ಮಾಸ್ತರನೋ ಇನ್ನೊಬ್ಬ ಹುಡುಗನೋ ಓದಿಕೊಂಡು ಹೋಗುತ್ತಾನೆ. ನಟಿಗೆ ಸಂಚಕಾರ, ಅಂದರೆ ಮುಂಗಡ ಹಣ, ಮುಟ್ಟುವುದು ತಿಂಗಳುಗಳ ಮುಂಚೆ. ಆಕೆ ಊರಿಗೆ ಕಾಲಿಡುವುದು ನಾಟಕದ ದಿನ ಸಂಜೆಗೆ, ಬಹಳವೆಂದರೆ ಹಿಂದಿನ ದಿನ. ಸೀಜನ್ನಿನಲ್ಲಿ ಇಂದು ಒಂದು ಊರು, ನಾಳೆ ಇನ್ನೊಂದು. ಇಂದು ಗೌಡನ ತಂಗಿ, ನಾಳೆ ಬಡ ರೈತನ ಹೆಂಡತಿ. ಪುಸ್ತಕಗಳು ಬೇರೆ ಬೇರೆ, ಹೀರೋ ಯಾರೆಂದು ಬಣ್ಣ ಹಚ್ಚಿಕೊಳ್ಳುವಾಗಲೇ ಗೊತ್ತಾಗುವುದು. ರಾತ್ರಿ ಹತ್ತೂವರೆಗೆ ನಾಂದಿ, ಬೆಳಗಿನ ಐದಕ್ಕೆ ಮಂಗಳ. ಮಾತು ತಪ್ಪುವ ಹುಡುಗನನ್ನು ಮುಂದಿನ ಮಾತಿಗೆ ಎಳೆದು ತರುವುದೂ, ಹೆದರಿ ಬೆನ್ನು ತಿರುಗಿಸಿ ನಿಂತವನ ಭುಜ ಹಿಡಿದು ಜನರ ಕಡೆ ತಿರುಗಿಸುವುದೂ, ಅದೂ ಪಾತ್ರದೊಳಗೇ ಇದ್ದುಕೊಂಡು, ಇವಳ ಕೆಲಸ. ನಾಟಕ ಶಾಲೆಗಳಲ್ಲಿ ವರ್ಷಗಟ್ಟಲೆ ಕಲಿಸುವ ಆಶುಪ್ರಜ್ಞೆ ಇದೇ. ಇಲ್ಲಿ ಅದಕ್ಕೆ ಯಾರೂ ಹೆಸರಿಟ್ಟಿಲ್ಲ.

ಸಾಮಾಜಿಕ ನಾಟಕಗಳ ಹೆಣ್ಣು ಪಾತ್ರಗಳ ಅಚ್ಚು ಹೆಚ್ಚುಕಡಿಮೆ ಒಂದೇ: ಗರತಿಯಾದ ನಾಯಕಿ, ಪ್ಯಾಟಿಯ ಬೆಡಗಿನ ಹುಡುಗಿ, ಹಾಸ್ಯದ ಜೋಡಿ, ಬೇಕಿದ್ದರೆ ಒಬ್ಬ ತಾಯಿ. ನಾಯಕಿಯ ಪಗಾರ ಹೆಚ್ಚು ಎಂದು ಹೊರಗಿನವರು ತಿಳಿಯುತ್ತಾರೆ. ಹಾಸ್ಯ ಗೊತ್ತಿದ್ದು, ಹಾಡಿ, ಕುಣಿಯಲೂ ಬರುವವಳಿಗೆ ನಾಯಕಿಗಿಂತ ಹೆಚ್ಚು ಬೇಡಿಕೆ ಇರುತ್ತದೆ, ಬೆಳಗಿನ ಮೂರು ಗಂಟೆಗೆ ತೂಕಡಿಸುವ ಜನರನ್ನು ಎಬ್ಬಿಸುವುದು ಆ ಪಾರ್ಟು. ಕಮಿಟಿಯವರು ಖರ್ಚು ಉಳಿಸಲು ಒಬ್ಬಳಿಗೇ ಎರಡು ಪಾರ್ಟು ಒಪ್ಪಿಸುವುದುಂಟು. ಅದು ನಡೆಯುತ್ತದೆ, ಕೊನೆಯ ಸೀನಿನ ತನಕ. ಕೊನೆಯ ಸೀನಿನಲ್ಲಿ ಎಲ್ಲ ಪಾತ್ರಗಳೂ ಒಂದೇ ಕಡೆ ಸೇರಬೇಕು, ಅಲ್ಲಿ ತಾಯಿಯೂ ಇವಳೇ, ಸೊಸೆಯೂ ಇವಳೇ. ಮಾಸ್ತರ ಆಗ ತಾಯಿಯನ್ನು ಹಿಂದಿನ ಸೀನಿನಲ್ಲೇ ಕೊಂದುಬಿಡುತ್ತಾನೆ, ಅಥವಾ ಒಳಗಿನಿಂದ ಕೆಮ್ಮಿಸುತ್ತಾನೆ. ಎರಡು ಪಾರ್ಟು ಒಪ್ಪುವ ಮೊದಲು ಪುಸ್ತಕದ ಕೊನೆಯ ಹತ್ತು ಪುಟ ನೋಡಿಕೊಳ್ಳದೆ ಹೂಂ ಅನ್ನಬಾರದು. ಒಪ್ಪಿದರೆ ಒಂದೂವರೆ ಪಗಾರ ಮಾತಾಡಿಕೊಂಡೇ ಒಪ್ಪಬೇಕು.

ಆಕೆಯ ಬ್ಯಾಗು ನೋಡಿದರೆ ಕಸುಬಿನ ಅರ್ಧ ಗೊತ್ತಾಗುತ್ತದೆ. ಇಳಕಲ್ ಸೀರೆ ಒಂದು, ಗುಳೇದಗುಡ್ಡದ ಖಣದ ಕುಬಸ ಅದರ ಜತೆಗೆ, ಇದು ಗರತಿಗೆ. ಹಾಡಿಗೆ ಮಿಂಚುವ ಸೀರೆ ಒಂದು, ನಿರಿಗೆ ಮೊದಲೇ ಹಿಡಿದು ಪಿನ್ನು ಹಾಕಿ ಮಡಚಿದ್ದು, ಎರಡು ನಿಮಿಷದಲ್ಲಿ ಸುತ್ತಿಕೊಳ್ಳಬೇಕಲ್ಲ. ಬಿಳಿ ಸೀರೆ ಒಂದು, ವಿಧವೆಯ ಸೀನು ಇಲ್ಲದ ನಾಟಕವೇ ಕಡಿಮೆ. ಚೌರಿ, ಪ್ಯಾನ್‌ಕೇಕು, ಕೊಬ್ಬರಿ ಎಣ್ಣೆ, ಹಳೆಯ ಹತ್ತಿ ಬಟ್ಟೆ. ಒಂದು ದಪ್ಪ ಚಾದರು ಮತ್ತು ನಾಲ್ಕು ಮಾರು ಹಗ್ಗ: ಬಟ್ಟೆ ಬದಲಿಸುವ ಜಾಗ ಎಂದು ತೋರಿಸಿದ್ದು ಶಾಲೆಯ ಬಾಗಿಲಿಲ್ಲದ ಕೋಣೆಯಾದರೆ ಪರದೆ ಕಟ್ಟಲು. ಟಾರ್ಚು, ಕುಡಿಯುವ ನೀರು, ಮೊಬೈಲ್ ಚಾರ್ಜರು. ಹಾಡುಗಳು ಇರುವ ಪೆನ್‌ಡ್ರೈವ್ ಎರಡು, ಒಂದು ಕೈಕೊಡುವುದು ಖಾತ್ರಿ. ಬಣ್ಣದ ವಿಷಯದಲ್ಲಿ ಒಂದು ಬದಲಾವಣೆ ಹಲವರಿಗೆ ತಡವಾಗಿ ತಿಳಿಯಿತು. ಹಳೆಯ ಹಳದಿ ಬಲ್ಬು, ಹ್ಯಾಲೋಜನ್ ಬೆಳಕಿಗೆ ತಿಳಿ ಬಣ್ಣ ಹೊಂದುತ್ತಿತ್ತು. ಈಗಿನ ಬಿಳಿ ಎಲ್‌ಇಡಿ ಕೆಳಗೆ ಅದೇ ಬಣ್ಣ ಮುಖವನ್ನು ಬೂದಿ ಬಳಿದಂತೆ ಮಾಡುತ್ತದೆ. ತನ್ನ ಮೈಬಣ್ಣಕ್ಕೆ ಹತ್ತಿರದ, ಕೊಂಚ ಹಳದಿ ಬೆರೆತ ಛಾಯೆ ಬಳಸಿ, ಕೆನ್ನೆಗೆ ಕೆಂಪು ಸ್ವಲ್ಪ ಹೆಚ್ಚಿಸಿಕೊಂಡರೆ ಸರಿಹೋಗುತ್ತದೆ. ಕುತ್ತಿಗೆ, ಕಿವಿ, ಮೊಣಕೈ ತನಕ ಹಚ್ಚದಿದ್ದರೆ ಮೊಬೈಲಿನಲ್ಲಿ ಹಿಡಿದ ವಿಡಿಯೋದಲ್ಲಿ ಮುಖ ಬೇರೆ, ಕೈ ಬೇರೆ.

ಪಗಾರಕ್ಕೆ ಹೊರತಾದದ್ದು ಆಯೇರಿ. ಹಾಡು ಮೆಚ್ಚಿದವರು ನೋಟು ಕೊಡುತ್ತಾರೆ, ಮೈಕಿನಲ್ಲಿ ಹೆಸರು ಹೇಳಿಸುತ್ತಾರೆ, ನಾಟಕ ಅಲ್ಲಿಗೇ ನಿಲ್ಲುತ್ತದೆ. ಗಂಡ ಸತ್ತು ಅಳುತ್ತಿರುವ ನಾಯಕಿ ಕಣ್ಣೊರೆಸಿಕೊಂಡು ನಮಸ್ಕಾರ ಮಾಡಿ ಮತ್ತೆ ಅಳಬೇಕು. ನಾಟಕದ ಜನ ಇದನ್ನು ಬೈಯುತ್ತಾರೆ. ಅದೇ ಸಮಯಕ್ಕೆ ಆಯೇರಿ ಇಲ್ಲದ ಊರಿಗೆ ಬರಲು ಯಾರಿಗೂ ಮನಸ್ಸಿಲ್ಲ. ತಕರಾರು ಹುಟ್ಟುವುದು ಹಂಚಿಕೆಯಲ್ಲಿ. ಕೈಗೆ ಕೊಟ್ಟದ್ದು ನಟಿಯದು, ಮೈಕಿನವನ ಮೂಲಕ ಬಂದದ್ದು ಕಮಿಟಿಯದು ಎಂದು ಒಂದು ಊರಲ್ಲಿ. ಹಾರ್ಮೋನಿಯಂ, ತಬಲಾದವರಿಗೂ ಪಾಲು ಎಂದು ಇನ್ನೊಂದರಲ್ಲಿ. ಸಂಚಕಾರ ಹಿಡಿಯುವಾಗಲೇ ಇದನ್ನು ಕೇಳಿಕೊಳ್ಳದಿದ್ದರೆ ಬೆಳಗಿನ ಜಾವ ಕೇಳಲು ಎದುರಿಗೆ ಯಾರೂ ಸಿಗುವುದಿಲ್ಲ. ನೋಟನ್ನು ಪಿನ್ನಿನಿಂದ ಸೀರೆಗೆ ಚುಚ್ಚಲು ಬರುವವನನ್ನು ತಟ್ಟೆ ಹಿಡಿದು ದೂರ ನಿಲ್ಲಿಸುವುದನ್ನು ಕಮಿಟಿಯ ಹಿರಿಯನೊಬ್ಬನಿಗೆ ಮೊದಲೇ ಒಪ್ಪಿಸಿಡುವುದು ಅನುಭವಸ್ಥರ ರೂಢಿ.

ಕೆಡುವುದು ಎಲ್ಲಿ? ತಾರೀಖಿನಲ್ಲಿ. ಊರಲ್ಲಿ ಸಾವಾಯಿತು, ಅಕಾಲ ಮಳೆ ಬಂತು, ಚುನಾವಣೆ ನೀತಿಸಂಹಿತೆ ಎಂದು ಪರವಾನಗಿ ಸಿಗಲಿಲ್ಲ, ನಾಟಕ ಮುಂದಕ್ಕೆ ಹೋಯಿತು. ಮುಂದಿನ ತಾರೀಖಿಗೆ ಆಕೆ ಇನ್ನೊಂದು ಊರಿಗೆ ಮಾತು ಕೊಟ್ಟಿರುತ್ತಾಳೆ. ಸಂಚಕಾರ ವಾಪಸ್ಸೋ ಅಲ್ಲವೋ ಎನ್ನುವುದರ ಮೇಲೆ ಜಗಳ. ಮಾಡಬಹುದಾದದ್ದು ಇಷ್ಟೇ: ‘ನಾಟಕ ನಿಮ್ಮಿಂದ ನಿಂತರೆ ಸಂಚಕಾರ ನನ್ನದು, ನನ್ನಿಂದ ತಪ್ಪಿದರೆ ವಾಪಸ್ಸು’ ಎಂಬ ಎರಡು ಸಾಲನ್ನು ದುಡ್ಡು ಬಂದ ಕೂಡಲೇ ವಾಟ್ಸಾಪಿನಲ್ಲಿ ಬರೆದು ಕಳಿಸಿ ಅವರಿಂದ ಹೂಂ ಅನ್ನಿಸಿಕೊಳ್ಳುವುದು. ಉಳಿದ ಪಗಾರದಲ್ಲಿ ಅರ್ಧ ಬಣ್ಣ ಹಚ್ಚುವ ಮೊದಲು, ಇನ್ನರ್ಧ ನಾಟಕ ಅರ್ಧ ಮುಗಿದಾಗ. ಮಂಗಳ ಆದ ಮೇಲೆ ಕೊಡುತ್ತೇವೆ ಎನ್ನುವ ಊರಿನಲ್ಲಿ ಮಂಗಳ ಆದ ಮೇಲೆ ಕಮಿಟಿಯ ಖಜಾಂಚಿ ಮಲಗಿರುತ್ತಾನೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ಸಿನ ಖರ್ಚು ಉಳಿದಿದೆ. ಇದು ಈ ಹೆಂಗಸರಿಗೆ ಆದ ದೊಡ್ಡ ಅನುಕೂಲ. ಅದನ್ನೇ ಹಿಡಿದು ಕಮಿಟಿಯವರು ‘ಬಸ್ ಫ್ರೀ ಐತಲ್ರೀ ಅಕ್ಕಾರ’ ಎಂದು ಹೋಗಿಬರುವ ಖರ್ಚು ಕಳೆಯಲು ನೋಡುವುದೂ ಶುರುವಾಗಿದೆ. ಬೆಳಗಿನ ಐದಕ್ಕೆ ಹಳ್ಳಿಯಿಂದ ಬಸ್ಸಿರುವುದಿಲ್ಲ, ಗಡಿಯಾಚೆಯ ಜತ್ತ, ಅಕ್ಕಲಕೋಟೆ ಕಡೆಯ ಕನ್ನಡ ಹಳ್ಳಿಗಳ ತನಕ ಯೋಜನೆ ಚಾಚಿಲ್ಲ, ವಾಹನದ ಮಾತು ಬೇರೆಯೇ ಆಗಬೇಕು.

ವೃತ್ತಿ ಕಂಪನಿಗಳ ಕತೆ ಸ್ವಲ್ಪ ಬೇರೆ. ಬನದ ಹುಣ್ಣಿಮೆಗೆ ಬಾದಾಮಿ ಬಳಿ ಬನಶಂಕರಿ ಜಾತ್ರೆ ಕೂಡಿದಾಗ ಹಲವು ಕಂಪನಿಗಳು ಅಕ್ಕಪಕ್ಕ ತಗಡಿನ ಥೇಟರು ಹಾಕುತ್ತವೆ, ಜಾತ್ರೆಯ ದಿನಗಳಲ್ಲಿ ರಾತ್ರಿಗೆ ಒಂದಕ್ಕಿಂತ ಹೆಚ್ಚು ಆಟ. ಅಲ್ಲಿ ಪಗಾರ ಗೊತ್ತಾದದ್ದು, ಊಟ-ವಸತಿ ಕಂಪನಿಯದು, ನಾಟಕ ಒಂದೇ ಆದ್ದರಿಂದ ಮಾತು ಹದಗೊಳ್ಳುತ್ತದೆ. ಬದಲಿಗೆ ಮುಂಗಡ ಸಾಲದ ಉರುಳು ಇದೆ, ಮಕ್ಕಳ ಶಾಲೆಯ ಪ್ರಶ್ನೆ ಇದೆ. ಮಕ್ಕಳು ಐದನೆಯ ಇಯತ್ತೆಗೆ ಬರುವ ಹೊತ್ತಿಗೆ ಅನೇಕರು ಕಂಪನಿ ಬಿಟ್ಟು ಹಳ್ಳಿ ನಾಟಕಕ್ಕೆ ಹೊರಳುವುದು ಇದೇ ಕಾರಣಕ್ಕೆ. ಬೆಳಿಗ್ಗೆ ಮನೆಗೆ ಮರಳಬಹುದಲ್ಲ.

ಹೆಣ್ಣು ಕಲೆಯಿಂದ ದುಡಿದು ಬದುಕುವುದು ಈ ನೆಲಕ್ಕೆ ಹೊಸದೇನಲ್ಲ. ಬಾದಾಮಿ ಸಮೀಪದ ಮಹಾಕೂಟದಲ್ಲಿ ಚಾಲುಕ್ಯ ವಿಜಯಾದಿತ್ಯನ ಕಾಲದ ಒಂದು ಶಾಸನವಿದೆ. ರಾಜನ ಪ್ರಾಣವಲ್ಲಭೆಯಾಗಿದ್ದ ವಿನಾಪೋಟಿ ಎಂಬ ಗಣಿಕೆ ಹಿರಣ್ಯಗರ್ಭ ಎಂಬ ಚಿನ್ನದ ಮಹಾದಾನ ಮಾಡಿ, ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ ಮಾಡಿಸಿಕೊಟ್ಟಳು ಎಂದು ಅದು ಹೇಳುತ್ತದೆ. ಆಕೆಯ ವಂಶವನ್ನು ತಾಯಿ, ಅಜ್ಜಿಯ ಹೆಸರಿನಿಂದ ಎಣಿಸಿದೆ. ಪಟ್ಟದಕಲ್ಲಿನ ಇನ್ನೊಂದು ಶಾಸನದಲ್ಲಿ ರಾಷ್ಟ್ರಕೂಟರ ಕಾಲದ ಬಾದಿಪೊದ್ದಿ ಎಂಬಾಕೆ ಗುಡಿಗೆ ಆನೆಯ ರಥ, ಕುದುರೆಯ ರಥ ಕೊಟ್ಟದ್ದಿದೆ. ವಿಜಯಪುರದ ಗೋಳಗುಮ್ಮಟದೊಳಗೆ ಮುಹಮ್ಮದ್ ಆದಿಲ್‌ಶಾಹ ಮತ್ತು ಬೇಗಮರ ಗೋರಿಗಳ ಸಾಲಿನಲ್ಲೇ ನರ್ತಕಿ ರಂಭಾಳ ಗೋರಿ ಇದೆ. ಪಿಸುಮಾತಿನ ಗ್ಯಾಲರಿಗೆ ಹತ್ತುವ ಅವಸರದಲ್ಲಿ ಪ್ರವಾಸಿಗರು ಅದನ್ನು ಗಮನಿಸುವುದಿಲ್ಲ. ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿ ಮುಂಬಯಿಯ ಚಿತ್ರಸಂಗೀತದಲ್ಲಿ ಹೆಸರಾಗಿ, 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶದ ತುಂಬ ಕೇಳಿಸಿದರು. ಅಕ್ಕ ಗೋಹರಬಾಯಿ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಜತೆ ನಿಂತರು. ಅಮೀರಬಾಯಿಯ ಬಗ್ಗೆ ಬರೆಯುವವರು ಧ್ವನಿಯನ್ನು ಹೊಗಳಿ ಮುಗಿಸುತ್ತಾರೆ. ನನಗೆ ಅಷ್ಟೇ ದೊಡ್ಡದಾಗಿ ಕಾಣುವುದು ವಿಜಯಪುರದಲ್ಲಿ ಆಕೆ ಕಟ್ಟಿಸಿದ ಅಮೀರ್ ಟಾಕೀಸು. ದುಡಿದದ್ದನ್ನು ತನ್ನ ಹೆಸರಿನ ಕಟ್ಟಡವಾಗಿಸಿದ ಕಲಾವಿದೆಯರು ಎಷ್ಟು ಜನ ಸಿಗುತ್ತಾರೆ?

ಈ ಭಾಗದ ಬಯಲಾಟವಾದ ಶ್ರೀಕೃಷ್ಣ ಪಾರಿಜಾತದಲ್ಲೂ ಹಾಗೆಯೇ. ಅಪರಾಳ ತಮ್ಮಣ್ಣನ ಪದಗಳನ್ನು ಕುಲಗೋಡ ತಮ್ಮಣ್ಣ ರಂಗಕ್ಕೆ ಅಳವಡಿಸಿದ ಈ ಆಟದಲ್ಲಿ ಕೌಜಲಗಿ ನಿಂಗಮ್ಮ ಹೆಣ್ಣಾಗಿ ಮೇಳ ಕಟ್ಟಿ ನಡೆಸಿದಳು. ಗಂಡಸರೇ ಹೆಣ್ಣು ಪಾರ್ಟು ಮಾಡುತ್ತಿದ್ದ ಕಾಲ ಅದು. ಏಣಗಿ ಬಾಳಪ್ಪನವರಂಥ ದೊಡ್ಡ ನಟರು ಎಳವೆಯಲ್ಲಿ ಸ್ತ್ರೀಪಾತ್ರಗಳಿಂದಲೇ ಹೆಸರಾದದ್ದು. ಪಾರಿಜಾತದ ಸತ್ಯಭಾಮೆಯ ಪಾರ್ಟು ಈಗಲೂ ಹೆಣ್ಣಿಗೆ ಸಿಗುವ ಗಟ್ಟಿ ಪಾರ್ಟುಗಳಲ್ಲಿ ಒಂದು. ಪ್ರವೇಶದ ಹಾಡು, ಜಂಬ, ರುಕ್ಮಿಣಿಯ ಜತೆ ಸವತಿ ಜಗಳ, ಭಾಗವತನ ಕೊಂಕು ಪ್ರಶ್ನೆಗಳಿಗೆ ಸ್ಥಳದಲ್ಲೇ ಉತ್ತರ, ಕೊನೆಗೆ ಇಳಿದು ಬರುವುದು. ಹಾಡಲು ಬಾರದವಳಿಗೆ ಇದರಲ್ಲಿ ಜಾಗವಿಲ್ಲ. ಹಾರ್ಮೋನಿಯಂ ಮಾಸ್ತರ ಗಂಡು ದನಿಗೆ ಹೊಂದುವ ಸುರದಲ್ಲೇ ಹಿಡಿದು ಕೂರುವುದು ಇಲ್ಲಿನ ದೊಡ್ಡ ತೊಂದರೆ. ಕೃಷ್ಣನಿಗೆ ಹಾರ್ಮೋನಿಯಂನ ಕಪ್ಪು ಒಂದನೆಯ ಮನೆಯಾದರೆ ಭಾಮೆಗೆ ಕಪ್ಪು ನಾಲ್ಕೋ ಐದೋ ಬೇಕು. ಹಾಡಿನ ನಡುವೆ ಸುರ ಬದಲಿಸಲು ಒಪ್ಪದ ಮಾಸ್ತರನಿಂದ ಗಂಟಲು ಕೆಟ್ಟು ಬೇಗ ರಂಗ ಬಿಟ್ಟವರಿದ್ದಾರೆ. ರಾತ್ರಿಯಿಡೀ ಹಾಡುವವಳು ತನ್ನ ಸುರವನ್ನು ತಾನೇ ಹೇಳಿ ಹಿಡಿಸಬೇಕು. ಇದು ಸೊಕ್ಕಲ್ಲ.

ಹಾಗಾದರೆ ಮರ್ಯಾದೆ ಹೋದದ್ದು ಯಾವಾಗ? ಸವದತ್ತಿ ಎಲ್ಲಮ್ಮನ ಸುತ್ತ ಬೆಳೆದ, ಹೆಣ್ಣುಮಕ್ಕಳನ್ನು ದೇವಿಗೆ ಬಿಡುವ ಮುತ್ತು ಕಟ್ಟುವ ಪದ್ಧತಿ ಸಾವಿರಾರು ಹೆಣ್ಣುಮಕ್ಕಳ ಬದುಕನ್ನು ತಿಂದಿತು. ಮುಂಬಯಿ ಪ್ರಾಂತದ 1934ರ ಕಾಯ್ದೆ, ಆಮೇಲೆ ಕರ್ನಾಟಕದ 1982ರ ದೇವದಾಸಿ ನಿಷೇಧ ಕಾಯ್ದೆ ಬೇಕೇ ಬೇಕಿತ್ತು. ಆದರೆ ಆ ಮನೆತನಗಳಲ್ಲಿ ಹಾಡು, ಕುಣಿತ, ಚೌಡಿಕೆ ವಾದ್ಯ ಇದ್ದವು ಎಂಬ ಒಂದೇ ಕಾರಣಕ್ಕೆ, ರಂಗದ ಮೇಲೆ ನಿಂತು ದುಡ್ಡು ಪಡೆಯುವ ಹೆಣ್ಣೆಂದರೆ ಹೀಗೇ ಎಂಬ ತೀರ್ಪು ಊರಿನ ಬಾಯಲ್ಲಿ ಉಳಿದುಬಿಟ್ಟಿತು. ಮಧ್ಯಮ ವರ್ಗದ ಹುಡುಗಿಯರು ಭರತನಾಟ್ಯಕ್ಕೆ ಬಂದಾಗ ಆ ತೀರ್ಪಿನಿಂದ ದೂರ ನಿಲ್ಲಲು ಕಂಡುಕೊಂಡ ಉಪಾಯ ದುಡ್ಡಿನ ಮಾತೇ ಆಡದಿರುವುದು. ಅದರ ಬೆಲೆಯನ್ನು ಇಂದಿನ ಟೀಚರುಗಳು ತೆರುತ್ತಿದ್ದಾರೆ.

ಕ್ಲಾಸಿನ ಲೆಕ್ಕ ನೋಡೋಣ. ಜೂನ್‌ನಲ್ಲಿ 40 ಮಕ್ಕಳು ಸೇರಿದರು, ತಲಾ ತಿಂಗಳಿಗೆ 600 ರೂಪಾಯಿ ಎಂದು ಹಿಡಿಯಿರಿ, 24,000. ಕೇಳಲು ಚೆನ್ನಾಗಿದೆ. ದಸರಾ ರಜೆಯ ತಿಂಗಳು ‘ಹದಿನೈದು ದಿನ ಬಂದಿಲ್ಲ’ ಎಂದು ಅರ್ಧ ಮನೆಗಳ ಫೀ ಬರುವುದಿಲ್ಲ. ಜನವರಿ ಹೊತ್ತಿಗೆ ಮಕ್ಕಳು 25, ವಾರ್ಷಿಕ ಪರೀಕ್ಷೆಯ ಮಾರ್ಚ್‌ನಲ್ಲಿ 10, ಬೇಸಿಗೆಯಲ್ಲಿ ಅಜ್ಜಿಯ ಊರು. ಬಾಡಿಗೆ ಮಾತ್ರ ಹನ್ನೆರಡು ತಿಂಗಳೂ ಕಟ್ಟಬೇಕು. ಮೂರು ತಿಂಗಳ ಫೀ ಮುಂಗಡ ತೆಗೆದುಕೊಳ್ಳುವುದು, ರಜೆಯ ದಿನ ಕಳೆಯುವುದಿಲ್ಲ ಎಂದು ಸೇರುವಾಗಲೇ ಬರೆದುಕೊಡುವುದು, ಇವೆರಡನ್ನು ಮಾಡಿದ ಕ್ಲಾಸುಗಳು ಉಳಿದಿವೆ. ಹೇಳಲು ಮುಜುಗರಪಟ್ಟವರದು ಮೂರು ವರ್ಷಕ್ಕೆ ಮುಚ್ಚುತ್ತದೆ. ನಿಜವಾಗಿ ಕೈತುಂಬ ಬರುವುದು ಡಿಸೆಂಬರ್‌ನಿಂದ ಫೆಬ್ರುವರಿ ತನಕದ ಶಾಲಾ ಗ್ಯಾದರಿಂಗ್‌ಗಳಲ್ಲಿ, ಬೆಳಗಾವಿಯಲ್ಲಾದರೆ ಮದುವೆ ಮನೆಗಳ ಸಂಗೀತದ ಕುಣಿತ ಕಲಿಸುವುದರಲ್ಲಿ. ನೃತ್ಯದ ವಿದ್ವತ್ ಪರೀಕ್ಷೆ ಮಾಡಿದವಳು ಲಾವಣಿಯನ್ನೂ ಸಿನಿಮಾ ಹಾಡನ್ನೂ ಕಲಿಸುವುದು ಕೀಳೆಂದು ಮೂಗು ಮುರಿಯುವವರು ಆಕೆಯ ಬಾಡಿಗೆ ಕಟ್ಟುವುದಿಲ್ಲ. ಗ್ಯಾದರಿಂಗ್‌ಗೆ ಒಪ್ಪುವಾಗ ಹಾಡಿಗಿಷ್ಟು ಎಂದು ಮಾತಾಡಬೇಕೇ ಹೊರತು ಕಾರ್ಯಕ್ರಮಕ್ಕಿಷ್ಟು ಎಂದಲ್ಲ; ಆರು ಹಾಡು ಎಂದದ್ದು ಕೊನೆಯ ವಾರ ಹನ್ನೊಂದಾಗಿರುತ್ತದೆ.

ನೆಲದ ವಿಷಯ ವಿವರವಾಗಿ ಹೇಳಬೇಕು, ಏಕೆಂದರೆ ಈ ವೃತ್ತಿ ಮೊಣಕಾಲಿನ ಮೇಲೆ ನಿಂತಿದೆ. ಇಲ್ಲಿನ ಮನೆಗಳ ಕೆಳಗೆ ಇಳಕಲ್ ಗ್ರಾನೈಟು, ಇಲ್ಲವೇ ಶಹಾಬಾದ್ ಫರಸಿ. ಎರಡೂ ಒಂದಿಷ್ಟೂ ಬಗ್ಗುವುದಿಲ್ಲ. ಪಾದ ತಟ್ಟುವ ಅಡವು (ಹೆಜ್ಜೆ) ಆದ ತಟ್ಟಡವಿನ ಪ್ರತಿ ಏಟೂ ಹಿಮ್ಮಡಿಯಿಂದ ಮೊಣಕಾಲ ಕೆಳಗಿನ ಎಲುಬಿಗೆ ಮರಳುತ್ತದೆ. ಮಗು ವಾರಕ್ಕೆ ಎರಡು ಗಂಟೆ ತಟ್ಟುತ್ತದೆ, ಟೀಚರು ದಿನಕ್ಕೆ ಮೂರು ಬ್ಯಾಚು ತಟ್ಟುತ್ತಾಳೆ. ಮೊದಲು ಮೊಣಕಾಲ ಕೆಳಗೆ ಮುಂಭಾಗದಲ್ಲಿ ನೋವು, ಅದನ್ನು ಕಡೆಗಣಿಸಿದರೆ ಎಲುಬಿನಲ್ಲಿ ಕೂದಲಿನಂಥ ಬಿರುಕು. ಜಮಖಾನೆ ಹಾಸುವುದು ಅಪಾಯ, ಜಾರುತ್ತದೆ. ಮಕ್ಕಳ ಆಟದ ಮೆತ್ತನೆಯ ಫೋಮ್ ಮ್ಯಾಟು ಇನ್ನೂ ಕೆಟ್ಟದ್ದು: ಹಿಮ್ಮಡಿ ಇಳಿದು ಪಾದ ಹೊರಳುತ್ತದೆ, ಏಟಿನ ಸದ್ದೂ ಬರುವುದಿಲ್ಲ. ಬಾಡಿಗೆ ಮನೆಗೂ ಆಗುವ ದಾರಿ ಒಂದಿದೆ. ಎಂಟಕ್ಕೆ ನಾಲ್ಕು ಅಡಿಯ, 12 ಮಿಲಿಮೀಟರ್ ಪ್ಲೈವುಡ್ ಎರಡು ಪದರ. ಕೆಳಗೆ ಅಡಿಗೊಂದರಂತೆ ದಪ್ಪ ರಬ್ಬರಿನ ತುಂಡು. ಮೇಲಿನ ಪದರವನ್ನು ಕೆಳಗಿನದಕ್ಕೆ ಅಡ್ಡವಾಗಿ, ಸಂದಿನ ಮೇಲೆ ಸಂದು ಬಾರದ ಹಾಗೆ ಇಟ್ಟು ಸ್ಕ್ರೂ ಹಾಕಿ, ತಲೆ ಮರದೊಳಗೆ ಇಳಿಯುವಂತೆ ಬಿಗಿಯುವುದು. 16ಕ್ಕೆ 12 ಅಡಿಯ ಕೋಣೆಗೆ ಪದರಕ್ಕೆ 6, ಒಟ್ಟು 12 ಹಾಳೆ. ಗೋಡೆಗೆ ತಗುಲದಂತೆ ಸುತ್ತಲೂ ಅರ್ಧ ಇಂಚು ಬಿಡಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ ಪ್ಲೈ ಉಬ್ಬಿ ನಡುವೆ ಎದ್ದು ನಿಲ್ಲುತ್ತದೆ. ಬೆಳಗಾವಿಯ ಮಳೆಗೆ ಇದು ಆಗಿಯೇ ಆಗುತ್ತದೆ. ನೆಲಕ್ಕೆ ಒಂದು ಮೊಳೆಯನ್ನೂ ಹೊಡೆದಿರುವುದಿಲ್ಲವಾದ್ದರಿಂದ ಮನೆ ಬಿಡುವಾಗ ಬಿಚ್ಚಿ ಒಯ್ಯಬಹುದು. ಇಷ್ಟು ಜಾಗದಲ್ಲಿ ಒಮ್ಮೆಗೆ ಆರು ಮಕ್ಕಳು ಕೈಚಾಚಿ ಅಡವು ಮಾಡಿಯಾರು. ಹನ್ನೆರಡು ಜನರನ್ನು ತುಂಬಿದರೆ ಅರಮಂಡಿ (ಮಂಡಿ ಬಾಗಿಸಿ ಅರ್ಧ ಕೂತ ನಿಲುವು) ಸರಿಪಡಿಸಲು ಟೀಚರಿಗೆ ನಡುವೆ ಹಾದಿ ಇರುವುದಿಲ್ಲ.

ಅರಮಂಡಿಯಲ್ಲಿ ಸಾಮಾನ್ಯವಾಗಿ ಕೆಡುವುದು ಪಾದ ಮಾತ್ರ ಹೊರಗೆ ತಿರುಗಿ ಮೊಣಕಾಲು ಮುಂದಕ್ಕೆ ಉಳಿಯುವುದು. ತಿರುವು ತೊಡೆಯ ಸಂದಿನಿಂದ ಬರಬೇಕು. ಮೊಣಕಾಲು ಕಿರುಬೆರಳ ಕಡೆ ಹೋಗದಿದ್ದರೆ ಪಾದವನ್ನೇ ಒಳಗೆ ತಂದು, ಕಡಿಮೆ ಕೋನಕ್ಕೆ ಒಪ್ಪಿಕೊಳ್ಳಬೇಕು. ಫೋಟೋದಲ್ಲಿ ಚೆನ್ನಾಗಿ ಕಾಣಲಿ ಎಂದು ಪಾದ ಪೂರ್ತಿ ತಿರುಗಿಸಿದ ಮಕ್ಕಳೇ ಹದಿನೆಂಟಕ್ಕೆ ಮೊಣಕಾಲಿಗೆ ಪಟ್ಟಿ ಸುತ್ತಿಕೊಳ್ಳುವುದು. ಹೆರಿಗೆಯ ನಂತರ ಮರಳುವ ಟೀಚರದ್ದು ಇನ್ನೊಂದು ಅವಸರ. ಬ್ಯಾಚು ಬೇರೆ ಕ್ಲಾಸಿಗೆ ಹೋಗಿಬಿಡುತ್ತದೆ ಎಂಬ ಭಯದಲ್ಲಿ ಎರಡನೇ ತಿಂಗಳಿಗೇ ಕುದಿತ್ತ ಮೆಟ್ಟಡವು ಹಾಕಿ ತೋರಿಸುತ್ತಾರೆ. ನೆಗೆಯುವ, ತಟ್ಟುವ ಕೆಲಸಕ್ಕೆ ಕನಿಷ್ಠ ಮೂರು ತಿಂಗಳು, ಸಿಸೇರಿಯನ್ ಆಗಿದ್ದರೆ ವೈದ್ಯರು ಹೇಳುವ ತನಕ ಇನ್ನೂ ಹೆಚ್ಚು ಕಾಯಬೇಕು. ಅಷ್ಟು ದಿನ ತಟ್ಟುಮಣೆ, ತಟ್ಟುಕೋಲು ಹಿಡಿದು ಕೂತು ಕಲಿಸಬಹುದು. ಸೀನಿಯರ್ ಪರೀಕ್ಷೆ ಮುಗಿಸಿದ ಹುಡುಗಿಯೊಬ್ಬಳನ್ನು ಸಂಬಳ ಕೊಟ್ಟು ಸಹಾಯಕ್ಕೆ ಇಟ್ಟುಕೊಳ್ಳುವುದನ್ನು ಮೊದಲೇ ರೂಢಿಸಿಕೊಂಡಿದ್ದರೆ ಈ ಹೊತ್ತಿಗೆ ಕ್ಲಾಸು ನಿಲ್ಲುವುದಿಲ್ಲ. ಪುಗಸಟ್ಟೆ ಗುರುಸೇವೆ ಮಾಡಿಸಿಕೊಂಡರೆ ಆ ಹುಡುಗಿ ಇದೇ ಬ್ಯಾಚಿನ ಅರ್ಧ ಮಕ್ಕಳನ್ನು ಕರೆದುಕೊಂಡು ಮುಂದಿನ ಕ್ರಾಸಿನಲ್ಲಿ ಬೋರ್ಡು ಹಾಕುತ್ತಾಳೆ, ತಪ್ಪೇನಿಲ್ಲ.

ಪರೀಕ್ಷೆಗಳು ಎರಡು ದಾರಿಯವು. ರಾಜ್ಯದ ಜೂನಿಯರ್, ಸೀನಿಯರ್, ವಿದ್ವತ್ ಪೂರ್ವ, ವಿದ್ವತ್ ಅಂತಿಮ. ಮೊದಲು ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ನಡೆಸುತ್ತಿದ್ದದ್ದು, ಈಗ ಮೈಸೂರಿನ ಡಾ. ಗಂಗೂಬಾಯಿ ಹಾನಗಲ್ ವಿಶ್ವವಿದ್ಯಾಲಯದ ಕೈಯಲ್ಲಿದೆ. ಇನ್ನೊಂದು ಗಾಂಧರ್ವ ಮಹಾವಿದ್ಯಾಲಯ ಮಂಡಳದ್ದು: ಪ್ರಾರಂಭಿಕದಿಂದ ವಿಶಾರದ ಪೂರ್ಣದ ತನಕ ಏಳು ಮೆಟ್ಟಿಲು, ಆಮೇಲೆ ಅಲಂಕಾರ. ಮಹಾರಾಷ್ಟ್ರದ ಸೆರಗಿಗಿರುವ ಬೆಳಗಾವಿಯಲ್ಲಿ, ಅದರಲ್ಲೂ ಕಥಕ್‌ನವರು, ಈ ಎರಡನೆಯದರ ಕಡೆ ಹೆಚ್ಚು ವಾಲುತ್ತಾರೆ. ಎಲ್ಲಿ ಕೆಲಸ ಮಾಡಬೇಕೆಂದಿದೆ ಎಂದು ನೋಡಿಕೊಂಡು ದಾರಿ ಆರಿಸಿಕೊಳ್ಳುವುದು ಮೇಲು. ನಡುವೆ ಬದಲಿಸಿದರೆ ವರ್ಷಗಳು ಹೋಗುತ್ತವೆ. ಕುಣಿತದಲ್ಲಿ ಗಟ್ಟಿಯಿರುವವರು ಎಡವುವುದು ಥಿಯರಿಯಲ್ಲಿ ಮತ್ತು ಕೈಯಲ್ಲಿ ತಾಳ ಹಾಕಿ ಮೂರನೇ ಕಾಲದಲ್ಲಿ (ಮೂರನೇ ವೇಗದಲ್ಲಿ) ಸೊಲ್ಲುಕಟ್ಟು, ಅಂದರೆ ನೃತ್ಯದ ಬಾಯಿತಾಳ, ಹೇಳುವಲ್ಲಿ. 28 ಅಸಂಯುತ (ಒಂಟಿ ಕೈಯ) ಹಸ್ತಗಳ ಶ್ಲೋಕ ಬಾಯಿಗೆ ಬರುತ್ತದೆ, ಕಾರ್ಯಕ್ರಮದ ಮೊದಲ ನೃತ್ಯವಾದ ಅಲಾರಿಪ್ಪನ್ನು ತಾಳಲಿಪಿಯಲ್ಲಿ ಬರೆ ಎಂದರೆ ಪೆನ್ನು ನಿಲ್ಲುತ್ತದೆ, ಏಕೆಂದರೆ ಕ್ಲಾಸಿನಲ್ಲಿ ಎಂದೂ ಬರೆಸಿರುವುದಿಲ್ಲ.

ಶಿಷ್ಯೆ ಮೊದಲ ಬಾರಿ ಒಬ್ಬಳೇ ಪೂರ್ಣ ಕಾರ್ಯಕ್ರಮ ಕೊಡುವ ರಂಗಪ್ರವೇಶದ ಬಗ್ಗೆ ನನ್ನ ಅಭಿಪ್ರಾಯ ಹಲವರಿಗೆ ಹಿಡಿಸದು. ಹಾಡುಗಾರರು, ಮೃದಂಗ, ಕೊಳಲು ಅಥವಾ ಪಿಟೀಲಿನವರನ್ನು ಧಾರವಾಡದಿಂದಲೋ ಬೆಂಗಳೂರಿನಿಂದಲೋ ಕರೆಸಿ, ಎರಡು ದಿನ ತಾಲೀಮು, ವಸತಿ, ಮೂರು ಜೊತೆ ವೇಷ, ಸಭಾಂಗಣ, ಊಟ, ಆಮಂತ್ರಣ ಎಂದು ಮದುವೆಯಷ್ಟು ಖರ್ಚು ಮಾಡಿದ ಹುಡುಗಿ ಆಮೇಲೆ ಗೆಜ್ಜೆ ಕಟ್ಟುವುದು ಅಪರೂಪ. ಅದು ಪ್ರವೇಶವಾಗದೆ ಬೀಳ್ಕೊಡುಗೆಯಾಗುತ್ತದೆ. ಅದೇ ಹಣದಲ್ಲಿ ತಾಳ ಹಿಡಿದು ಕುಣಿತ ನಡೆಸುವ ನಟ್ಟುವಾಂಗ ಕಲಿತು, ತನ್ನದೇ ಮಾರ್ಗದ (ಕಾರ್ಯಕ್ರಮದ ನೃತ್ಯಗಳ ಸಾಲಿನ) ಹಾಡುಗಳನ್ನು ಒಳ್ಳೆಯ ಸ್ಟುಡಿಯೋದಲ್ಲಿ ಧ್ವನಿಮುದ್ರಿಸಿ ಇಟ್ಟುಕೊಂಡರೆ ಹತ್ತು ವರ್ಷ ದುಡಿಯಬಹುದು.

ಎರಡೂ ಬಗೆಯ ಹೆಂಗಸರು ಒಂದೇ ವೇದಿಕೆಗೆ ಬರುವುದು ಸರ್ಕಾರಿ ಉತ್ಸವಗಳಲ್ಲಿ: ಕಿತ್ತೂರು ಉತ್ಸವ, ಚಾಲುಕ್ಯ ಉತ್ಸವ, ನವರಸಪುರ ಉತ್ಸವ. ಅಲ್ಲಿನ ವೇದಿಕೆ ಕಬ್ಬಿಣದ ಚೌಕಟ್ಟಿನ ಮೇಲೆ ಪ್ಲೈ ಹಲಗೆ, ಅದರ ಮೇಲೆ ಕೆಂಪು ಮ್ಯಾಟು. ಮಧ್ಯಾಹ್ನವೇ ಹೋಗಿ ಬರಿಗಾಲಲ್ಲಿ ಉದ್ದಕ್ಕೂ ಅಡ್ಡಕ್ಕೂ ನಡೆಯಬೇಕು. ಹಲಗೆ ಕೂಡುವ ಕಡೆ ಒಂದು ಬೆರಳು ಏರುಪೇರು ಇರುತ್ತದೆ, ಮ್ಯಾಟಿಗೆ ಹೊಡೆದ ಮೊಳೆ ಎದ್ದಿರುತ್ತದೆ, ಧ್ವನಿವರ್ಧಕದ ವೈರು ಮ್ಯಾಟಿನ ಕೆಳಗೆ ಹಾದಿರುತ್ತದೆ. ಸುಣ್ಣದ ಕಡ್ಡಿಯಲ್ಲಿ ಗುರುತು ಹಾಕಿ, ಮಂಡಿಯೂರುವ ಮಂಡಿಯಡವು, ಗಿರಕಿ ಹೊಡೆಯುವ ಭ್ರಮರಿಗಳನ್ನು ಅಲ್ಲಿಂದ ಎರಡಡಿ ಸರಿಸಿ ಸಾಲು ಹಾಕಿಕೊಳ್ಳಬೇಕು. ಮ್ಯಾಟಿನ ನೂಲಿಗೆ ಗೆಜ್ಜೆಯ ಬಾಯಿ ಸಿಕ್ಕಿ ತೊಗಲಿನಿಂದ ಕಿತ್ತು ಬರುವುದೂ ಇಲ್ಲಿಯೇ. ಸಂಭಾವನೆ ತಂಡದ ನಾಯಕನ ಖಾತೆಗೆ ಬರುತ್ತದೆ, ಅದೂ ತಿಂಗಳುಗಳ ಮೇಲೆ. ಉಳಿದ ಏಳೆಂಟು ಹೆಣ್ಣುಮಕ್ಕಳು ಕುಣಿದದ್ದಕ್ಕೆ ಎಲ್ಲಿಯೂ ದಾಖಲೆ ಇರುವುದಿಲ್ಲ. ಅರ್ಜಿಯ ಜತೆಗಿನ ಕಲಾವಿದರ ಪಟ್ಟಿಯಲ್ಲಿ ಪ್ರತಿಯೊಬ್ಬಳ ಹೆಸರು ಬರೆಸಿ ಅದರ ನಕಲು ಇಟ್ಟುಕೊಳ್ಳಬೇಕು. ಪ್ರಮಾಣಪತ್ರವನ್ನು ತಂಡದ ಹೆಸರಿಗೆ ಒಂದು ಎಂದಲ್ಲದೆ ತಲೆಗೊಂದು ಕೇಳಬೇಕು.

ಕಾಗದದ ಮಾತು ಹಳ್ಳಿ ನಾಟಕದವರಿಗೆ ಇನ್ನೂ ಬಿಗಿಯಾದದ್ದು. ಕಷ್ಟದಲ್ಲಿರುವ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನ 58 ವರ್ಷದ ಮೇಲೆ. ಅದಕ್ಕೆ ಇಷ್ಟು ವರ್ಷ ರಂಗದಲ್ಲಿದ್ದೆ ಎಂಬುದಕ್ಕೆ ಪುರಾವೆ ಬೇಕು. ಮೂವತ್ತು ವರ್ಷ ದುಡಿದವಳ ಹತ್ತಿರ ಇರುವುದು ಹ್ಯಾಂಡ್‌ಬಿಲ್ಲುಗಳು, ಅದೂ ಇಟ್ಟುಕೊಂಡಿದ್ದರೆ. ಹ್ಯಾಂಡ್‌ಬಿಲ್ಲಿನಲ್ಲಿ ಇರುವುದು ರಂಗದ ಹೆಸರು ಮತ್ತು ಊರು, ಆಧಾರ್ ಕಾರ್ಡಿನಲ್ಲಿ ಅಪ್ಪನೋ ಗಂಡನೋ ಸೇರಿದ ಇನ್ನೊಂದು ಹೆಸರು. ಇಬ್ಬರೂ ಒಬ್ಬಳೇ ಎಂದು ನೋಟರಿಯ ಅಫಿಡವಿಟ್ ಮಾಡಿಸುವುದನ್ನು ಅರ್ಜಿ ಹಾಕುವ ವರ್ಷದ ತನಕ ಬಿಡಬಾರದು, ಸಾಕ್ಷಿ ಹೇಳುವ ಮಾಸ್ತರರು ಬದುಕಿರುವಾಗಲೇ ಆಗಬೇಕು. ಮುಂದಿನ ಸಂಚಕಾರ ಹಿಡಿಯುವಾಗ ಫ್ಲೆಕ್ಸಿನ ಮ್ಯಾಟರು ಬರೆಯುವ ಹುಡುಗನಿಗೆ ಎರಡೂ ಹೆಸರು ಹೇಳಿ ಬರೆಸಬಹುದು. ಇನ್ನೊಂದು, ಬಹಳಷ್ಟು ಹ್ಯಾಂಡ್‌ಬಿಲ್ಲುಗಳಲ್ಲಿ ವಾರ, ತಿಥಿ, ‘ರಾತ್ರಿ ಸರಿಯಾಗಿ 10-30ಕ್ಕೆ’ ಎಲ್ಲ ಇದ್ದು ಇಸವಿಯೇ ಇರುವುದಿಲ್ಲ. ಪಗಾರ ಎಣಿಸಿಕೊಳ್ಳುವಾಗಲೇ ಎರಡು ಹ್ಯಾಂಡ್‌ಬಿಲ್ಲು ಕೇಳಿ, ಹಿಂದುಗಡೆ ಇಸವಿ ಬರೆದು, ಕಮಿಟಿಯ ಅಧ್ಯಕ್ಷನ ಸಹಿ ಹಾಕಿಸಿ, ಸಿಕ್ಕರೆ ಪಂಚಾಯ್ತಿಯ ಸಿಕ್ಕಾ ಒತ್ತಿಸಿ, ಪ್ಲಾಸ್ಟಿಕ್ ಫೈಲಿಗೆ ಸೇರಿಸಿ. ಮಡಚಬೇಡಿ, ಮಡಿಕೆ ಬೀಳುವುದು ನಿಮ್ಮ ಹೆಸರಿನ ಸಾಲಿನ ಮೇಲೆಯೇ.